ಎಲ್-೧೯ರ ಹದಿನಾರು ಜನ

ಗೈದರ್ಸ್‌ಬರ್ಗ್
೧೬ ಮೇ ೨೦೨೧

ನನ್ನ ರಾಜಿ,

ಹೇಗಿದ್ದೀಯೆ? ಟೀವಿಯಲ್ಲಿ ಮೈಸೂರಿನ ಕೋವಿಡ್ ಸುದ್ದಿ ನೋಡಿದಾಗಲೆಲ್ಲ ನಿನ್ನದೇ ಯೋಚನೆ. ಜನವರಿಯಲ್ಲಿ ನಮ್ಮ ಮನೆಯವರು ಹೋದ ಮೇಲೆ ನೀನು ಬರೆದ ಎರಡು ಕಾಗದಕ್ಕೂ ಉತ್ತರಿಸಲಿಲ್ಲ. ಬೈದುಕೋ, ಮುನಿಸಿಕೊಳ್ಳಬೇಡ. ಫೋನಿನಲ್ಲಿ ಬಾಯಿ ತೆರೆದರೆ ಅಳುವೇ ಬರುತ್ತದೆ, ಅದಕ್ಕೇ ಈ ಕಾಗದ. ಈದ್‌ಗೆ ಏಪೆಕ್ಸ್ ಊರಿನಿಂದ ಮಗಳು ಹಮ್ನಾ ಬಂದಿದ್ದಳು. ಶೀರ್ ಖುರ್ಮಾ ಮಾಡಿದೆ, ಇಬ್ಬರೂ ಒಂದೊಂದು ಚಮಚ ತಿಂದು ಎತ್ತಿಟ್ಟೆವು.

ಮೆಹಬೂಬ್ ಭಾಯಿ ಕೊನೆಗೆ ಕಷ್ಟಪಟ್ಟರಾ ಎಂದು ಕೇಳಿದ್ದೀಯೆ. ಏನು ಹೇಳಲಿ? ಕೋವಿಡ್ ಅಂತ ನನ್ನನ್ನು ಒಳಗೇ ಬಿಡಲಿಲ್ಲ ಕಣೇ! ಆಸ್ಪತ್ರೆಯ ಪಾರ್ಕಿಂಗ್ ಲಾಟ್‌ನಲ್ಲಿ ಕಾರಿನೊಳಗೆ ಕೂತಿರುತ್ತಿದ್ದೆ. ವೆಂಟಿಲೇಟರ್ ಹಾಕಿದ ಮೇಲೆ ನರ್ಸ್ ಅವರ ಕಿವಿಗೆ ಫೋನ್ ಹಿಡಿದು, ಮಾತಾಡಿ ಮ್ಯಾಮ್, ಕೇಳಿಸಬಹುದು ಎನ್ನುತ್ತಿದ್ದಳು. ಉತ್ತರವೇ ಬಾರದವರ ಹತ್ತಿರ ಎಷ್ಟು ಮಾತಾಡಲಿ? ಅವರು ಅರ್ಧ ಓದಿಟ್ಟಿದ್ದ ಜೆಪ್ಲಿನ್ ವಾಯುನೌಕೆಗಳ ಪುಸ್ತಕವನ್ನು ಓದಿ ಹೇಳತೊಡಗಿದೆ.

ಅವರ ಹುಚ್ಚು ನಿನಗೆ ಗೊತ್ತಲ್ಲ! ಮನೆಗೆ ಬಂದ ನೆಂಟರನ್ನೆಲ್ಲ ವಾಷಿಂಗ್ಟನ್ನಿನ ಮ್ಯೂಸಿಯಮ್ಮಿಗೆ ಎಳೆದುಕೊಂಡು ಹೋಗಿ, ಜರ್ಮನ್ನರ ಯುದ್ಧದ ವಾಯುನೌಕೆ ಎಲ್-೧೯ರ ಕತೆ ಕೊರೆಯುತ್ತಿದ್ದರು. ೧೯೧೬ರಲ್ಲಿ ಇಂಗ್ಲೆಂಡಿನ ಮೇಲೆ ಬಾಂಬು ಹಾಕಿ ಹಿಂತಿರುಗುವಾಗ ಎಂಜಿನ್ನುಗಳು ಕೆಟ್ಟು ಅದು ಸಮುದ್ರಕ್ಕೆ ಬಿತ್ತು. ಹದಿನಾರು ಜನ ಅದರ ಬೆನ್ನೇರಿ ಕೂತು ಕೂಗಿಕೊಂಡರು. ಇಂಗ್ಲಿಷರ ಮೀನು ಹಿಡಿಯುವ ಹಡಗೊಂದು ಹತ್ತಿರ ಬಂತು. ನಾವು ಒಂಬತ್ತು ಜನ, ಇವರನ್ನು ಹತ್ತಿಸಿಕೊಂಡರೆ ನಮ್ಮನ್ನೇ ಮುಗಿಸಿದರೆ ಎಂದು ಹೆದರಿ ಅದರ ಯಜಮಾನ ಹೊರಟೇಹೋದ. ಒಬ್ಬರೂ ಉಳಿಯಲಿಲ್ಲ. “ಅವನೂ ಪಾಪಾನೇ ಫಖ್ರು, ಏನ್ ಮಾಡ್ತಿದ್ದ ಹೇಳು?” ಅನ್ನುತ್ತಿದ್ದರು. “ನಿಮ್ ಜರ್ಮನ್ನರು ಹಾಳಾಗ್ಲಿ, ಊಟಕ್ಕೆ ಏಳ್ರೀ” ಅನ್ನುತ್ತಿದ್ದೆ ನಾನು.

ಮೈಸೂರಿನಿಂದ ನಾದಿನಿ ಅಫ್ರೋಜ್ ದಿನಾ ಫೋನ್ ಮಾಡುತ್ತಿದ್ದಳು. “ಭಾಭಿ, ಆ ಪುಸ್ತಕ ಬಿಡಿ, ಯಾಸೀನ್ ಓದಿ. ಭಾಯ್‌ಜಾನ್ ಕಿವೀಗೆ ಕಲಿಮಾ ಬೀಳ್ಲೇಬೇಕು.” ಸಾಯುವವರ ಹತ್ತಿರ ಕುರಾನಿನ ಯಾಸೀನ್ ಅಧ್ಯಾಯ ಓದುತ್ತೇವೆ ರಾಜಿ, ಹೋಗುವ ಜೀವ ಕೊನೆಗೆ ಅಲ್ಲಾಹ್ ಒಬ್ಬನೇ ಎನ್ನುವ ಕಲಿಮಾ ಕೇಳಿಕೊಂಡೇ ಹೋಗಬೇಕು. ನಿಮ್ಮಲ್ಲಿ ಬಾಯಿಗೆ ಗಂಗಾಜಲ ಬಿಡುವ ಹಾಗೆ. ಇವರು ತೀರಿಕೊಂಡ ದಿನ ಅವಳು ಮೊದಲು ಕೇಳಿದ್ದೇ ಅದನ್ನು. ಹೇಳಿದೆ, ಕೇಳಿಸಿಕೊಂಡರು ಎಂದೆ. ಅಲ್‌ಹಮ್ದುಲಿಲ್ಲಾಹ್ ಎಂದು ಅತ್ತಳು. ಈಗ ಬಂಧುಬಳಗಕ್ಕೆಲ್ಲ ಅದನ್ನೇ ಹೇಳಿ ಸಮಾಧಾನಪಡುತ್ತಾಳೆ.

ನೀನು ಜೋಪಾನ. ಮಾಸ್ಕ್ ಇಲ್ಲದೆ ತರಕಾರಿಗೂ ಹೋಗಬೇಡ. ನಿನ್ನ ಮನೆಯವರಿಗೆ, ಮಕ್ಕಳಿಗೆ ಅಲ್ಲಾಹ್ ನೂರು ವರ್ಷ ಆಯುಸ್ಸು ಕೊಡಲಿ.

ನಿನ್ನ
ಫಖ್ರುನ್ನೀಸಾ

ತಾ.ಕ.: ಅಫ್ರೋಜಳಿಗೆ ಹೇಳಿದ್ದು ಸುಳ್ಳು ರಾಜಿ. ಯಾಸೀನ್ ಶುರು ಮಾಡಿದರೆ ತಾನು ಸಾಯುತ್ತಿದ್ದೇನೆಂದು ಅವರಿಗೆ ಗೊತ್ತಾಗಿಬಿಡುತ್ತದೆ ಎಂದು ಹೆದರಿದೆ. ನಾಳೆ ಓದೋಣ, ನಾಳೆ ಓದೋಣ ಎಂದುಕೊಂಡು ಪುಸ್ತಕವನ್ನೇ ಓದಿದೆ. ಇವರು ಹೋದ ದಿನ ಬಂದದ್ದು ಆ ಹಡಗು ಬಿಟ್ಟುಹೋಗುವ ಪುಟ. ಓದಲು ಬಾಯಿ ಬರಲಿಲ್ಲ. ಪುಸ್ತಕ ಮುಚ್ಚಿ, “ಹತ್ತಿಸಿಕೊಂಡ್ರು ರೀ, ಹದಿನಾರು ಜನಾನೂ ಹತ್ತಿಸಿಕೊಂಡ್ರು, ಬಿಸಿ ಬಿಸಿ ಚಹಾ ಕೊಟ್ರು” ಅಂತ ನಾನೇ ಕತೆ ಕಟ್ಟಿದೆ. ಆ ಕಡೆಯಿಂದ ನರ್ಸ್, ಐ ಆಮ್ ಸಾರಿ ಮ್ಯಾಮ್ ಎಂದಳು. ಆಮೇಲೆ ಕಲಿಮಾ ಹೇಳಿದೆ ಕಣೇ, ಕೂಗಿ ಕೂಗಿ ಹೇಳಿದೆ. ಫೋನ್ ಆಗಲೇ ಕಟ್ ಆಗಿತ್ತು.