ಒಡ್ಡಿನೊಳಗಿನ ಹೊಗೆ

೧೨ ಏಪ್ರಿಲ್, ಶನಿವಾರ. ಮಿರ್ಜಾನ.

ಹೊಳೆ ಬದಿಯ ಮಣ್ಣಿನ ಒಡ್ಡಿನಿಂದ ಇನ್ನೂ ಹೊಗೆ ಬರುತ್ತಿದೆ. ನೋಡಿದವನು ನಾನೊಬ್ಬನೇ.

ಹೊಳೆಯಂಚಿನ ಒಣ ಜೊಂಡನ್ನು ನಾನೂ ಚಿಕ್ಕಪ್ಪನೂ ಮಧ್ಯಾಹ್ನ, ಸುತ್ತಲ ಕಾಲುವೆ ತುಂಬಿದ್ದಾಗ ಸುಟ್ಟೆವು. ಆಗ ಬೆಂಕಿ ನೀರು ದಾಟುವುದಿಲ್ಲ. ಪಕ್ಕದ ಮನೆಯ ಹೊನ್ನಮ್ಮಜ್ಜಿ ಎರಡು ಸಲ ಹೇಳಿದ್ದರು: "ತಮಾ, ಒಡ್ಡಿನ ಬುಡದ ಹುಲ್ಲು ಮುಟ್ಬೇಡ. ಅದು ಹತ್ತಿದ್ರೆ ಬೆಂಕಿ ಬೇರಿಗೆ ಇಳೀತದೆ."

"ಹಾಸ್ಟೆಲ್‌ನವ್ನಿಗೆ ಕಡ್ಡಿ ಗೀರೂಕೇ ಬರೂದಿಲ್ಲ, ಅವ ಎಂತ ಮುಟ್ತಾ?" ಎಂದು ದಿನಕರ ಚಿಕ್ಕಪ್ಪ ನಕ್ಕರು.

ಚಿಕ್ಕಪ್ಪ ಊಟಕ್ಕೆ ಹೋದ ಮೇಲೆ ಆ ಬುಡದ ಹುಲ್ಲನ್ನೂ ಸುಟ್ಟೆ. ಕಾಲೇಜಿನ ಪ್ರಾಜೆಕ್ಟಿಗೆ, ಜಾಗ ಚೊಕ್ಕ ಮಾಡಿದ ಮೇಲಿನ 'ಆಫ್ಟರ್' ಫೋಟೊ ನೀಟಾಗಿ ಬರಲಿ ಎಂದು! ಸಂಜೆ ನೋಡಿದರೆ ಜ್ವಾಲೆ ಇಲ್ಲ, ಆದರೆ ಮಣ್ಣು ಬಿಸಿ. ಕೋಲು ಒತ್ತಿದೆ, ಮೊಳದಷ್ಟು ಸಲೀಸಾಗಿ ಇಳಿಯಿತು. ಮಣ್ಣನ್ನು ಹಿಡಿದಿದ್ದ ಬೇರೆಲ್ಲ ಉರಿದು ಒಳಗೆ ಟೊಳ್ಳಾಗಿದೆ. ಎರಡು ಕೊಡ ನೀರು ಹೊಯ್ದೆ. ಹೊಗೆ ಒಂದು ಮಾರು ಆಚೆ ಎದ್ದಿತು.

ಇವತ್ತು ಹುಣ್ಣಿಮೆ, ರಾತ್ರಿ ಹನ್ನೆರಡಕ್ಕೆ ದೊಡ್ಡ ಭರತಿ, ಸಮುದ್ರದ ನೀರು ಹೊಳೆಗೆ ಏರುತ್ತದೆ. ಒಡ್ಡು ಕುಸಿದರೆ ಹೊಳೆಯ ಉಪ್ಪುನೀರು ನೇರ ಅಜ್ಜಿಯ ಬಾವಿಗೆ. ಮಳೆಗೆ ಇನ್ನೂ ಎರಡು ತಿಂಗಳಿದೆ, ಅವರಿಗೆ ಬೇರೆ ನೀರಿಲ್ಲ. ರಾತ್ರಿ ಊಟಕ್ಕೆ ಕೂತಾಗ ಬೆಂಕಿ ಆರಿತೇ ಎಂದು ಚಿಕ್ಕಪ್ಪ ಕೇಳಿದರು. "ಎಲ್ಲಾ ಆರಿದೆ, ಓಕೆ" ಅಂದುಬಿಟ್ಟೆ. ಯಾಕೆ ಅಂದೆನೋ! ಬೈಗುಳಕ್ಕೆ ಹೆದರಿದೆ, ಅಷ್ಟೆ. ಈಗಿನ ಹೆದರಿಕೆ ಅದಲ್ಲ. ಬೆಳಿಗ್ಗೆ ಅಜ್ಜಿ ಕೊಡ ಎತ್ತಿ ಒಂದು ಗುಟುಕು ಕುಡಿದು ಉಗಿಯುವುದು ಕಣ್ಣಿಗೆ ಕಟ್ಟುತ್ತಿದೆ.

ಒಂಬತ್ತೂವರೆ. ಇನ್ನೂ ಮಣ್ಣು ತುಂಬಬಹುದೇನೋ, ನಾಲ್ಕು ಜನ ಸೇರಿದರೆ. "ಚಿಕ್ಕಪ್ಪಾ" ಎಂದು ಕೂಗಿಯೇ ಬಿಟ್ಟೆ.

"ಎಂತದೋ?" ಅಂದರು. ಎದ್ದು ಬರುತ್ತಿದ್ದಾರೆ. ಮೊದಲ ಮಾತು ಏನಂತ ಹೇಳಲಿ—