ಕಲ್ಲು ಬೇಯಿಸಿದ ಮಧ್ಯಾಹ್ನ

ಅಕ್ಕಾ,

ನೀನೀಗ ರೈಲಿನಲ್ಲಿದ್ದೀಯೆ. ಫೋನಿನಲ್ಲಿ ‘ಚಿನಕುರುಳಿಗೆ ಉಸಿರಾಟದ ತೊಂದರೆ, ಆಸ್ಪತ್ರೆಗೆ ಸೇರಿಸಿದ್ದೇನೆ, ಬೇಗ ಬಾ’ ಎಂದಷ್ಟೇ ಹೇಳಿದೆ. ಉಳಿದದ್ದನ್ನು ಹೇಳದೆ ಫೋನಿಟ್ಟೆ. ಎದುರಿಗೆ ನಿಂತು ಹೇಳಿದರೆ ಅರ್ಧ ಸುಳ್ಳು ಬೆರೆಸಿಬಿಡುತ್ತೇನೆ, ನಿನ್ನ ತಮ್ಮನ ಬುದ್ಧಿ ನಿನಗೆ ಗೊತ್ತು. ಅದಕ್ಕೇ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಅಕ್ಷರ ಕ್ಷಮಿಸು.

ನೀನು ತರಬೇತಿಗೆ ಹೊರಡುವಾಗ ಮಗಳು ಚಿನಕುರುಳಿಯನ್ನೂ ಉಪ್ಪುನೀರಿನ ಮೀನುತೊಟ್ಟಿಯನ್ನೂ ನನಗೆ ಒಪ್ಪಿಸಿ ಹೋದೆ. “ಸಮುದ್ರದ ಕಲ್ಲನ್ನ ಬರೀ ಕಲ್ಲು ಅಂದ್ಕೋಬೇಡ ಕಣೋ. ಅದರೊಳಗೆ ಯಾರ್ಯಾರು ಬಾಡಿಗೆಗಿದಾರೋ ಯಾರಿಗ್ಗೊತ್ತು? ಹೊಸ ಕಲ್ಲು ಬಂದ್ರೆ ಒಂದು ತಿಂಗಳು ಬೇರೆ ಬಕೆಟ್ಟಲ್ಲಿರ್ಲಿ” ಎಂದಿದ್ದೆ. ನಿನಗೊಂದು ಆಶ್ಚರ್ಯ ಕೊಡೋಣವೆಂದು ಮೀನಿನಂಗಡಿಯಿಂದ ಕಲ್ಲೊಂದನ್ನು ತಂದೆ. ಮೈತುಂಬ ಕಂದು ಗುಂಡಿಗಳಂಥ ಹೂಗಳಿದ್ದವು, ಚೆಂದವಾಗಿತ್ತು. ತಿಂಗಳು ಕಾಯುವ ವ್ಯವಧಾನ ನನಗೆಲ್ಲಿದೆ? ಸೀದಾ ತೊಟ್ಟಿಗಿಳಿಸಿದೆ.

ನಾಲ್ಕನೆಯ ದಿನ ಆ ಕಲ್ಲಿನ ಬಿರುಕಿನಿಂದ ಗೇಣುದ್ದದ ಹುಳು ಹೊರಬಂತು, ಮೈಯೆಲ್ಲ ಮುಳ್ಳು. ನಾನು ಕುರ್ಚಿ ಹತ್ತಿದೆ. ಚಿನಕುರುಳಿ ಬಿದ್ದು ಬಿದ್ದು ನಕ್ಕಳು: “ಮಾಮಾ, ಅದೇ ನಿನ್ನ ನೋಡಿ ಹೆದರ್ಕೊಂಡಿದೆ!”

ನಿನ್ನ ಮೀನುಗಳಿಗೇನಾದರೂ ಆದರೆ ಎಂಬ ಭಯ, ನಿನ್ನ ಬೈಗುಳದ ಭಯ. ನಿನಗೊಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಇಂದು ಮಧ್ಯಾಹ್ನ ಕಲ್ಲನ್ನೆತ್ತಿ ದೊಡ್ಡ ಪಾತ್ರೆಗೆ ಹಾಕಿ ಒಲೆಯ ಮೇಲಿಟ್ಟೆ. ಕುದಿಸಿದರೆ ಎಲ್ಲವೂ ಸಾಯುತ್ತದಲ್ಲ! ಇಲಿ ಬಂತೆಂದು ಮನೆಗೆ ಬೆಂಕಿಯಿಟ್ಟ ಜಾಣ ನಾನು. ಬೀದಿಯ ಧೂಳೆಂದು ಕಿಟಕಿಗಳನ್ನೂ ಮುಚ್ಚಿದ್ದೆ. ಹುಳುವಿನಿಂದ ಅಷ್ಟೇನೂ ಅಪಾಯವಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ವಿಷವಿದ್ದದ್ದು ಹೂವಿನಂತೆ ಕಂಡ ಆ ಚೆಂದದ ಜೀವಿಗಳಲ್ಲಿ, ಕುದಿಸಿದರೆ ಆವಿಯಲ್ಲಿ ಏಳುತ್ತದಂತೆ. ಅರ್ಧ ಗಂಟೆಯಲ್ಲಿ ನನ್ನ ನಾಲಿಗೆಯ ಮೇಲೆ ತುಕ್ಕಿನ ರುಚಿ ಬಂತು. ಅಡುಗೆಮನೆಯ ಬಾಗಿಲಲ್ಲಿ ಚಿತ್ರ ಬರೆಯುತ್ತಿದ್ದ ಅವಳು ಕೆಮ್ಮತೊಡಗಿದಳು. ಕೆಮ್ಮು ನಿಲ್ಲಲೇ ಇಲ್ಲ.

ಇನ್ನು ಹೇಳಲು ಹೆದರುವ ಮಾತು. “ಮನೇಲಿ ಏನಾದ್ರೂ ಹೊಗೆ, ಔಷಧಿ, ಇಂಥದ್ದೇನಾದ್ರೂ?” ಎಂದು ಡಾಕ್ಟರಮ್ಮ ಕೇಳಿದಾಗ ನಾನು “ಏನೂ ಇಲ್ಲ ಮೇಡಂ” ಎಂದೆ. ಯಾಕೆಂದೆನೋ ತಿಳಿಯದು. ನಿನ್ನ ಮುಖ ಕಣ್ಣೆದುರು ಬಂತು, ಅಷ್ಟೇ. ನಲವತ್ತು ನಿಮಿಷ ಅವರು ಕತ್ತಲಲ್ಲಿ ತಡಕಾಡಿದರು. ಅವಳ ತುಟಿ ನೀಲಿಗೆ ತಿರುಗುವುದನ್ನು ನೋಡುತ್ತಿದ್ದರೂ ನಾನು ಬಾಯಿಬಿಡಲಿಲ್ಲ.

ಆಮೇಲೆ ಅವಳು ನನ್ನ ಬೆರಳು ಹಿಡಿದೆಳೆದು, ಆಮ್ಲಜನಕದ ಮುಖವಾಡವನ್ನು ತುಸು ಸರಿಸಿ, “ಮಾಮಾ, ಕಲ್ಲು ಬೇಯ್ಸಿದ್ದು ಅಮ್ಮಂಗೆ ಹೇಳಲ್ಲ ನಾನು” ಎಂದಳು. ಅಷ್ಟು ಹೇಳಲು ಮೂರು ಸಲ ಉಸಿರೆಳೆದುಕೊಂಡಳು.

ನಾನು ಓಡಿಹೋಗಿ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆ. “ಮೊದಲೇ ಹೇಳ್ಬಾರ್ದಾಗಿತ್ತೇನ್ರೀ?” ಎಂದವರು ಮತ್ತೆ ನನ್ನತ್ತ ನೋಡಲಿಲ್ಲ. ಔಷಧಿ ಬದಲಾಗಿದೆ. ಸಂಜೆಯವರೆಗೆ ಏನೂ ಹೇಳಲಾಗದಂತೆ.

ನೀನು ಬಂದೊಡನೆ ಅವಳ ಬಳಿಗೆ ಕಳಿಸಿ, ಈ ಕಾಗದವನ್ನು ಆಮೇಲೆ ನಿನ್ನ ಕೈಗಿಡುತ್ತೇನೆ. ಅವಳು ನನ್ನನ್ನು ಕಾಪಾಡಲೆಂದು ನಿನಗೆ ಸುಳ್ಳು ಹೇಳಿದರೆ ದಯವಿಟ್ಟು ಬೈಯಬೇಡ. ಅದನ್ನು ಅವಳಿಗೆ ಕಲಿಸಿದವನು ನಾನು.

ನಿನ್ನ ರೈಲು ಹೊತ್ತಿಗೆ ಸರಿಯಾಗಿ ಬರಲಿ. ಅದಕ್ಕೂ ಮೊದಲು ಅವಳ ಉಸಿರು ನೆಟ್ಟಗಾಗಲಿ.

ನಿನ್ನ ತಮ್ಮ