ಬಿಳಿ ಸ್ಕಾರ್ಫಿನ ಅಮ್ಮ

ವಾಲೆಯಾ ನುಕುಲುಯಿ, ಮೊಲ್ದೋವಾ
13 ಮಾರ್ಚ್ 2004, ಶನಿವಾರ ಮಧ್ಯಾಹ್ನ

ನನ್ನ ಅಮ್ಮಾ, ಪಡೋವಾ ಪಟ್ಟಣದ ಮೂರನೇ ಮಹಡಿಯ ಮಹಾರಾಣಿಯವರೇ,

ಮೊಣಕಾಲು ಹೇಗಿದೆ? ಮೆಟ್ಟಿಲು ಇಳಿಯುವಾಗ ಈಗಲೂ ಕಟಕಟ ಅನ್ನುತ್ತದಾ? ನೀನು ನೋಡಿಕೊಳ್ಳುವ ಎಲ್ವೀರಾ ಅಜ್ಜಿಯ ರಕ್ತದೊತ್ತಡ ಇಳಿಯಿತಾ? ಆಕೆ ಇನ್ನೂ ನಿನ್ನನ್ನು ತೀರಿಹೋದ ತನ್ನ ತಂಗಿ ಅಂದುಕೊಂಡೇ ಮಾತಾಡಿಸುತ್ತಾಳಾ? ಪಾಪ, ಕರೆದರೆ ಓಗೊಡು. ಆದರೆ ನಿನ್ನ ಹೆಸರು ವೇರಾ ಅನ್ನುವುದನ್ನು ದಿನಕ್ಕೊಮ್ಮೆ ಕನ್ನಡಿಯ ಮುಂದೆ ನಿಂತು ನೀನೇ ಹೇಳಿಕೋ. ಇಲ್ಲಿ ನಾವು ಮೂವರೂ ಕ್ಷೇಮ. ಅಜ್ಜಿಯ ಸೊಂಟ ಹವಾಮಾನ ಇಲಾಖೆಯ ಕೆಲಸವನ್ನು ಎಂದಿನಂತೆ ನಡೆಸಿಕೊಂಡು ಬರುತ್ತಿದೆ. ಮೇಕೆ ಎರಡು ಮರಿ ಹಾಕಿದೆ. ಎರಡೂ ನನ್ನ ಹಾಗೆಯೇ ಗೋಡೆ ಹತ್ತುತ್ತವೆ. ಅಪ್ಪ ಮಾಸ್ಕೋದ ಕಟ್ಟಡಗಳಿಂದ ಇಳಿದು ಬರುವುದು ಇನ್ನು ಶರತ್ಕಾಲಕ್ಕೇ ಅಂತೆ. ನಿನ್ನ ಚಿಕ್ಕ ಮಗಳು ಲೂಮಿಯ ಮುಂದಿನ ಎರಡು ಹಲ್ಲು ಬಿದ್ದಿವೆ. ಒಂದನ್ನು ನಿನಗೆಂದು ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದಾಳೆ, ಇನ್ನೊಂದನ್ನು ನುಂಗಿಬಿಟ್ಟಳು.

ಈಗ ಮುಖ್ಯ ವಿಷಯ. ನಾಳೆ ಇಟಲಿಗೆ ಹೊರಡುವ ಇಲಾರಿಯೋನ್ ಮಾವನ ಮಿನಿಬಸ್ಸಿನಲ್ಲಿ ನಿನಗೆ ಒಂದಲ್ಲ, ಎರಡು ಪತ್ರ ಬರುತ್ತಿವೆ. ಇನ್ನೊಂದು ನಮ್ಮ ಸಂಗೀತದ ರಾಯಿಸಾ ಟೀಚರ್ ಬರೆದದ್ದು. ನಿಮ್ಮ ಮಗಳು ಸಾಂದಾ ಮಾರ್ಚ್ ಎಂಟರ ತಾಯಂದಿರ ಹಬ್ಬಕ್ಕೆ ಕಳಂಕ ತಂದಳು ಅಂತ ಅದರಲ್ಲಿರುತ್ತದೆ. ಆರೋಪ ನಿಜ. ಆದರೂ ಆರೋಪಿಯ ಹೇಳಿಕೆಯನ್ನು ಮೊದಲು ಓದುವುದು ನ್ಯಾಯ. ಒಲೆ ಮೇಲೇನಾದರೂ ಇದ್ದರೆ ಇಳಿಸಿ ಬಂದು ಕೂತುಕೋ.

ಆ ಹಾಡು ನಿನ್ನ ಕಿವಿಗೂ ಬಿದ್ದೇ ಇರುತ್ತದೆ. ಭಾನುವಾರದ ರೇಡಿಯೋದಲ್ಲಿ ಇಟಲಿಯಿಂದ, ಪೋರ್ಚುಗಲ್‌ನಿಂದ ಅಮ್ಮಂದಿರು ಫೋನ್ ಮಾಡಿ ತಮ್ಮ ಮಕ್ಕಳಿಗೆ ಹಾಕಿಸುವ ಹಾಡು. ಪಾಪ್ಲರ್ ಮರದ ಕೆಳಗೆ ಬಿಳಿ ಸ್ಕಾರ್ಫ್ ಕಟ್ಟಿಕೊಂಡ ಅಮ್ಮ ನಿಂತಿರುತ್ತಾಳೆ, ಅದರ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ, ಮೇಲೆ ಕೊಕ್ಕರೆಗಳು ಹಾರಿಹೋಗುತ್ತವೆ. ಎರಡು ವರ್ಷದಿಂದ ಅಂಗಡಿಯಲ್ಲಿ ಅದೇ, ಬಸ್ಸಿನಲ್ಲಿ ಅದೇ, ಮದುವೆಮನೆಯಲ್ಲೂ ಅದೇ. ನಮ್ಮ ತರಗತಿಯಲ್ಲಿ ಇಪ್ಪತ್ತೆರಡು ಜನರಿದ್ದೇವೆ, ಹದಿನಾಲ್ಕು ಜನರ ಅಮ್ಮಂದಿರು ಹೊರದೇಶದಲ್ಲಿದ್ದಾರೆ. ಆ ಹದಿನಾಲ್ಕು ಜನಕ್ಕೂ ಯಾವ ಸಾಲಿನಲ್ಲಿ ಗಂಟಲು ಕಟ್ಟಬೇಕು ಅನ್ನುವುದು ಬಾಯಿಪಾಠ. ದೊಡ್ಡ ಹುಡುಗಿಯರು ಬಿಳಿ ಸ್ಕಾರ್ಫ್ ಕಟ್ಟಿಕೊಂಡು ಓಡಾಡುತ್ತಾರೆ. ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಯಾರ ಅಮ್ಮ ಎಷ್ಟು ಅತ್ತಳು ಅಂತ ಅವರು ಲೆಕ್ಕ ಹಾಕತೊಡಗಿದ್ದಾರೆ. ಪಕ್ಕದ ಮನೆಯ ವೀಕಾ ನಮ್ಮ ಗೇಟಿಗೆ ಒರಗಿ ನಿಂತು, ಲೂಮಿಯ ಎದುರೇ, "ನಮ್ಮಮ್ಮ ಹೋಗುವಾಗ ಎರಡು ಸಲ ಮೂರ್ಛೆ ಹೋದ್ಲು ಕಣೆ. ಅಳದೇ ಹೋದೋರು ಇದಾರಲ್ಲ, ಅವ್ರು ವಾಪಸ್ ಬರಲ್ವಂತೆ" ಅಂದಳು. ಹಾಡಿನಲ್ಲಿ ಹಾಗೆಂದು ಎಲ್ಲೂ ಇಲ್ಲ. ಆದರೂ ಕೇಳಿದವರಿಗೆಲ್ಲ ಅದು ಹೇಗೋ ಹಾಗೆಯೇ ಅರ್ಥವಾಗಿದೆ.

ಫೆಬ್ರವರಿಯಲ್ಲಿ 'ನನ್ನ ತಾಯಿ' ಅಂತ ಪ್ರಬಂಧ ಬರೆಸಿದರು. ನಾನೂ ಬರೆದೆ, ನನಗೂ ಹತ್ತಕ್ಕೆ ಹತ್ತು ಬಂತು. ಮನೆಯಲ್ಲಿ ಗತ್ತಿನಿಂದ ಓದಿ ಹೇಳಿದೆ: ಪಾಪ್ಲರ್ ಮರ, ಬಿಳಿ ಸ್ಕಾರ್ಫ್, ಸೆರಗು, ಕಣ್ಣೀರು. ಅಜ್ಜಿ ಆಲೂಗೆಡ್ಡೆ ಸುಲಿಯುತ್ತಿದ್ದವಳು ಚಾಕು ಕೆಳಗಿಟ್ಟಳು. "ಯಾವ ಸ್ಕಾರ್ಫೇ? ನಾನು ಹೆತ್ತ ಮಗಳು ಮದುವೆ ದಿನಾನೂ ತಲೆಗೆ ಬಟ್ಟೆ ಕಟ್ಟಿಸ್ಕೊಳ್ಳದೆ ಜಗಳ ಮಾಡಿದೋಳು! ಪಾಪ್ಲರ್ ಮರ ಎಲ್ಲೈತೆ ನಮ್ಮೂರಲ್ಲಿ, ತೋರ್ಸು ಬಾ."

ತೋರಿಸಲಿಕ್ಕಾಗಲಿಲ್ಲ. ನಮ್ಮೂರಿನಲ್ಲಿರುವುದೆಲ್ಲ ಅಕ್ರೋಟ್ ಮರಗಳೇ. ಅಮ್ಮಾ, ನಾನು ಬೇಕೆಂದೇ ಸುಳ್ಳು ಬರೆದಿರಲಿಲ್ಲ. ಹೆದರಿಕೆಯಾದದ್ದು ಅದಕ್ಕೇ. ಕಣ್ಣು ಮುಚ್ಚಿದರೆ ನೀನು ನಿಜವಾಗಿ ಹಾಗೆಯೇ ಕಾಣುತ್ತಿದ್ದೆ. ಮರುದಿನ ನೆಲಮಾಳಿಗೆಗೆ ಇಳಿದು, ನೀನು ಹೋಗುವ ವಾರ ಚಳಿಗಾಲಕ್ಕೆಂದು ಮುಚ್ಚಳ ಬಿಗಿದಿಟ್ಟ ಟೊಮೇಟೊ ಬಾಟಲಿಗಳಲ್ಲಿ ಉಳಿದಿರುವ ಒಂದೇ ಒಂದರ ಮುಂದೆ ಕೂತೆ. ಅದನ್ನು ತೆರೆಯುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ, ಅಜ್ಜಿಗೂ ಇಲ್ಲ. ಆಗ ಒಂದೊಂದಾಗಿ ನೆನಪಿಗೆ ಬಂತು. ಹಳದಿ ರೇನ್‌ಕೋಟು, ಆಗಸ್ಟಿನ ಬಿಸಿಲಿನಲ್ಲಿ! ಚೀಲದಲ್ಲಿ ಜಾಗವಿಲ್ಲ ಅಂತ ನೀನು ಅದನ್ನು ಹಾಕಿಕೊಂಡೇ ಹೊರಟೆ. ಕೆನ್ನೆಯೊಳಗೊಂದು ಪ್ಲಮ್ ಹಣ್ಣು. ಗೇಟಿನಿಂದ ಮೂರು ಸಲ ಕೂಗಿದೆ: "ಸಾಂದಾ, ಗ್ಯಾಸ್ ಆರಿಸಿದ್ಯಾ?" ಮಿನಿಬಸ್ಸು ಹೊರಟ ಮೇಲೆ ಅದನ್ನು ನಿಲ್ಲಿಸಿ, ಮರೆತ ಚಪ್ಪಲಿಗೆಂದು ಓಡಿಬಂದು, ಲೂಮಿಯ ಮೂಗು ಒರೆಸಿ, ಮತ್ತೆ ಓಡಿದೆ. ಚಪ್ಪಲಿ ಇಲ್ಲೇ ಉಳಿಯಿತು. ನೀನು ಅಳಲಿಲ್ಲ. ಯಾಕೆ ಅಂತ ಅಜ್ಜಿಯನ್ನು ಕೇಳಿದ್ದಕ್ಕೆ, "ಅಳೋಕೆ ಕೂತಿದ್ರೆ ಬಸ್ ಹತ್ತೋಕಾಗ್ತಿತ್ತಾ?" ಅಂದಳು, ಅಷ್ಟೇ.

ಮಾರ್ಚ್ ಎಂಟಕ್ಕೆ ಆ ಹಾಡು ಹಾಡಲು ರಾಯಿಸಾ ಟೀಚರ್ ನನ್ನನ್ನೇ ಆರಿಸಿದರು. "ನೀನು ಹಾಡಿದ್ರೆ ಇಡೀ ಸಭಾಂಗಣ ಅಳುತ್ತೆ ಮರಿ" ಅಂದರು, ಬಹುಮಾನ ಕೊಟ್ಟವರ ಹಾಗೆ. ಸ್ಕಾರ್ಫನ್ನೂ ಅವರೇ ಕಟ್ಟಿದರು. ಮುಂದಿನ ಸಾಲು ಅಮ್ಮಂದಿರಿಗೆ. ಕೂತಿದ್ದವರು ಬಹುಪಾಲು ಅಜ್ಜಿಯರು. ಮೊದಲ ಚರಣ ವಿಧೇಯಳಾಗಿ ಹಾಡಿದೆ, ಕರವಸ್ತ್ರಗಳು ಹೊರಬಂದವು. ಎರಡನೆಯದಕ್ಕೆ ಸ್ಕಾರ್ಫ್ ಬಿಚ್ಚಿ ಜೇಬಿಗಿಟ್ಟು, ಅದೇ ರಾಗಕ್ಕೆ, ಅದೇ ಗಾಂಭೀರ್ಯದಿಂದ, ಹೀಗೆ ಹಾಡಿದೆ:

ಹಳದಿ ರೇನ್‌ಕೋಟಿನ ಅಮ್ಮ, ಬಾಯಲ್ಲಿ ಪ್ಲಮ್ ಹಣ್ಣು,
ಗೇಟಿಂದ ಕೂಗಿ ಹೋದಳು: ಗ್ಯಾಸ್ ಆರಿಸೇ ಹೆಣ್ಣು!

ಅಜ್ಜಿಯರ ಸಾಲು ಬಿದ್ದು ಬಿದ್ದು ನಕ್ಕಿತು. ನಮ್ಮ ಅಜ್ಜಿ ಕೋಲಿನಿಂದ ನೆಲ ಕುಟ್ಟಿದಳು. ಒಬ್ಬಾಕೆಯಂತೂ "ಅಯ್ಯೋ, ನಮ್ಮೋಳು ಕೋಳಿ ಗೂಡಿಗೆ ಹಾಕಿದ್ರಾ ಅಂತ ಕೂಗಿದ್ಲು" ಅಂತ ಕಣ್ಣೊರೆಸಿಕೊಂಡಳು. ರಾಯಿಸಾ ಟೀಚರ್ ಪಿಯಾನೋದ ಮುಚ್ಚಳ ಮುಚ್ಚಿದರು. ನಾನು ಗೆದ್ದೆ ಅಂದುಕೊಂಡು, ಮಂತ್ರಿಗಳ ಹಾಗೆ ತಲೆ ಬಾಗಿಸಿದೆ. ಆಗ ಲೂಮಿ ಕುರ್ಚಿಯ ಮೇಲೆ ಎದ್ದು ನಿಂತಳು. "ಸುಳ್ಳು! ನಮ್ಮಮ್ಮ ಹಾಗಲ್ಲ! ನಮ್ಮಮ್ಮ ತುಂಬಾ ಅತ್ತಿದ್ಲು! ತುಂಬಾ!" ಹಲ್ಲಿಲ್ಲದ ಬಾಯಿ ಅಮ್ಮಾ, ಅರ್ಧ ಮಾತು ಗಾಳಿಯಾಗಿ ಹೋಗುತ್ತಿತ್ತು. ಆದರೂ ಕೊನೆಯ ಸಾಲಿನವರೆಗೆ ಕೇಳಿಸಿತು.

ಮೂರೂವರೆ ವರ್ಷದ ಹಿಂದೆ ನೀನು ಹೋದಾಗ ಅವಳಿಗೆ ಎರಡೂವರೆ ವರ್ಷ. ನನ್ನ ಹಾಗೆ ನೆಲಮಾಳಿಗೆಯಲ್ಲಿ ಕೂತು ಹುಡುಕಲು ಅವಳ ಬಳಿ ಏನೂ ಇಲ್ಲ. ಅವಳಿಗಿದ್ದದ್ದು ಹಾಡಿನ ಅಮ್ಮ ಒಬ್ಬಳೇ. ಆ ಅಮ್ಮನನ್ನು ನಾನು ಎಲ್ಲರೆದುರು ಕಸಿದುಕೊಂಡೆ. ಮೇಲಾಗಿ, ಅಳದೇ ಹೋದವಳು ಬರುವುದಿಲ್ಲ ಅಂತ ವೀಕಾ ಹೇಳಿದ್ದನ್ನು ಖಾತ್ರಿ ಮಾಡಿಕೊಟ್ಟೆ. ಐದು ದಿನವಾಯಿತು, ನನ್ನ ಜೊತೆ ಮಾತಿಲ್ಲ. ಅಮ್ಮನ ಇಟಲಿ ಕಾಗದಪತ್ರ ಈಗ ಸರಿಯಾಗಿದೆ, ಈಸ್ಟರ್‌ಗೆ ಖಂಡಿತ ಬರುತ್ತಾಳೆ ಅಂತ ಅಜ್ಜಿ ಎಷ್ಟು ಸಲ ಹೇಳಿದರೂ, "ಯಾವ ಅಮ್ಮ?" ಅಂತ ಕೇಳುತ್ತಾಳೆ. ನಾನು ಜೀವಮಾನದಲ್ಲಿ ಬಹಳ ಚೇಷ್ಟೆ ಮಾಡಿದ್ದೇನೆ, ಮೇಕೆಗೆ ಮೇಯರ್ ಸಾಹೇಬರ ಟೋಪಿ ತಿನ್ನಿಸಿದ್ದೂ ಸೇರಿ. ಇದೊಂದು ಮಾತ್ರ ಮಾಡಬಾರದಿತ್ತು.

ಅಜ್ಜಿ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ, ಮೊಣಕಾಲಿಗೆ ಎಲೆಕೋಸಿನ ಎಲೆ ಕಟ್ಟಬೇಕಂತೆ. ಎಲ್ವೀರಾ ಅಜ್ಜಿಗೆ ಅವರ ತಂಗಿಯ ಮಗಳ ನಮಸ್ಕಾರ ಹೇಳು, ಖುಷಿಪಡಲಿ. ಜೊತೆಗಿರುವ ವಸಂತದ ಕೆಂಪು ಬಿಳಿ ದಾರದ ಗೊಂಡೆಯನ್ನು ವಾಡಿಕೆಯಂತೆ ತಿಂಗಳ ಕೊನೆಯವರೆಗೆ ಎದೆಯ ಮೇಲೆ ಸಿಕ್ಕಿಸಿಕೊಂಡು, ಆಮೇಲೆ ಯಾವುದಾದರೂ ಹಣ್ಣಿನ ಮರಕ್ಕೆ ಕಟ್ಟು. ಮರ ಸಿಗದಿದ್ದರೆ ಬಾಲ್ಕನಿಯ ನಿಂಬೆ ಕುಂಡವೂ ನಡೆಯುತ್ತದೆ.

ನಿನ್ನ ದಾರಿಯನ್ನೇ ಕಾಯುತ್ತಿರುವ ಅಪರಾಧಿ,
ಸಾಂದಾ

ಮರೆತಿದ್ದೆ: ಇಲಾರಿಯೋನ್ ಮಾವ ಗಂಟು ಒಯ್ಯಲು ಬಂದು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಜಾಮ್ ಬಾಟಲಿಯ ಕೆಳಗೆ ಉಣ್ಣೆಯ ಕಾಲುಚೀಲದೊಳಗೆ ಒಂದು ಕ್ಯಾಸೆಟ್ ಇದೆ. ಆ ಹಾಡಿನದೇ. ಲೂಮಿಯದು, ಕದ್ದಿದ್ದೇನೆ. ಮೇಲಂಚಿನ ತೂತುಗಳಿಗೆ ಟೇಪ್ ಅಂಟಿಸಿದ್ದೇನೆ, ಈಗ ಅದರ ಮೇಲೆಯೇ ರೆಕಾರ್ಡ್ ಮಾಡಬಹುದು. ಟೊಮೇಟೊ ಬಾಟಲಿಗಳ ಮುಚ್ಚಳ ತಿರುಗಿಸುವಾಗ ನೀನು ಗುನುಗುತ್ತಿದ್ದ ಆ ಹೆಸರಿಲ್ಲದ ರಾಗ, ಪ್ರತಿ ಮುಚ್ಚಳಕ್ಕೂ ಒಮ್ಮೆ ಉಸಿರು ಬಿಗಿಹಿಡಿದು ನಿಲ್ಲಿಸುತ್ತಿದ್ದೆಯಲ್ಲ, ಅದನ್ನು ಗುನುಗಿ ಕಳಿಸು. ಲೂಮಿಗೆ ಕಲಿಸೋಣವೆಂದು ಹೊರಟೆ, ನನಗೇ ಬರುತ್ತಿಲ್ಲ ಅಮ್ಮಾ. ಎರಡು ಮುಚ್ಚಳದವರೆಗೆ ಬರುತ್ತದೆ, ಮೂರನೆಯದಕ್ಕೆ ಹಾಳಾದ ಪಾಪ್ಲರ್ ಮರದ ರಾಗ ಬಂದುಬಿಡುತ್ತದೆ. ಈಸ್ಟರ್‌ಗೆ ಇನ್ನು ನಾಲ್ಕೇ ವಾರ. ಮುಂದಿನ ಮಿನಿಬಸ್ಸಿಗೇ ಕೊಡು, ಅವಳು ಆ ಹಾಡನ್ನು ಕೇಳಿದಷ್ಟೇ ಸಲ ಇದನ್ನೂ ಕೇಳಲಿ. ಎರಡೂ ಬದಿ ತುಂಬಿಸು. ಒಳ್ಳೊಳ್ಳೆಯ ಮಾತು ಬೇಡ, ಅಳುವುದಂತೂ ಬೇಡವೇ ಬೇಡ. ಮಧ್ಯದಲ್ಲಿ ಎಲ್ಲಾದರೂ ಒಂದೇ ಒಂದು ಸಲ, ಗ್ಯಾಸ್ ಆರಿಸಿದ್ಯಾ ಅಂತ ಕೂಗು. ನಾನು ಓಡಿಹೋಗಿ ನೋಡಿ ಬರುತ್ತೇನೆ.